ಸಭೆಗೆ ಕರೆದರೆ ಪೋಷಕರು ಬರುವುದಿಲ್ಲ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಮನೆಗಳಿಂದ, ಬರುವವರು. ಕೆಲವರ ಮನೆಮಾತು ತಮಿಳು, ಕೆಲವರು ಅಸ್ಸಾಂ ಕಡೆಯವರು. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಬೆಳಿಗ್ಗೆ 11 ಗಂಟೆಗೆ ಕರೆದರೆ ನಾಲ್ಕು ಜನ ಬಂದರೆ ಹೆಚ್ಚು. ಊರಿನ ಅನುಕೂಲಸ್ಥರ ಮಕ್ಕಳು ವ್ಯಾನ್ ಹತ್ತಿ ಪೇಟೆಯ ಶಾಲೆಗೆ ಹೋಗುತ್ತಾರೆ. ಪಕ್ಕದ ತೋಟದವರು ನಮ್ಮನ್ನು ಮಾತಾಡಿಸುವುದು ಹುಡುಗರು ಬೇಲಿ ಹಾರಿ ಸೀಬೆಹಣ್ಣು ಕಿತ್ತಾಗ ಮಾತ್ರ. ಶಾಲೆ, ಮನೆ, ಊರು ಒಂದಾಗಬೇಕು ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ನಾವಿರುವುದು ಮೂವರು ಶಿಕ್ಷಕರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಮೊದಲು ಆ 11 ಗಂಟೆಯ ವಿಚಾರ ಮಾತಾಡೋಣ. ತೋಟದಲ್ಲಿ ಬೆಳಿಗ್ಗೆ 8ಕ್ಕೆಲ್ಲ ಹಾಜರಿ ಆಗುತ್ತದೆ. ಅಲ್ಲಿಂದ ಸಂಜೆ ನಾಲ್ಕು, ನಾಲ್ಕೂವರೆವರೆಗೆ ಕೆಲಸ. ನಡುವೆ ಶಾಲೆಗೆ ಬಂದು ಹೋಗಬೇಕೆಂದರೆ ಅರ್ಧ ದಿನದ ಕೂಲಿ ಹೋಯಿತು. ಕೊಯ್ಲಿನ ಕಾಲದಲ್ಲಂತೂ ಕಿತ್ತ ಹಣ್ಣಿನ ತೂಕಕ್ಕೆ ದುಡ್ಡು. ಅರೇಬಿಕಾ ನವೆಂಬರ್ ಸುಮಾರಿಗೆ ಶುರುವಾದರೆ ರೋಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ, ಮಧ್ಯೆ ಮೆಣಸಿನ ಕೆಲಸ ಬೇರೆ. ಎಷ್ಟೋ ಮನೆಗಳ ಸಾಲ ತೀರುವುದು ಈ ನಾಲ್ಕೈದು ತಿಂಗಳ ದುಡಿಮೆಯಲ್ಲೇ. ಅಂಥವರು 11 ಗಂಟೆಗೆ ಬರಲಿಲ್ಲ ಅಂದರೆ ಮಕ್ಕಳ ಓದಿನ ಮೇಲೆ ಆಸೆ ಇಲ್ಲ ಅಂತ ತೀರ್ಮಾನಿಸಬಾರದು. ಇಷ್ಟು ವರ್ಷಗಳಲ್ಲಿ ನಾನು ಮಾತಾಡಿಸಿದ ಲೈನ್ ಮನೆಯ ಅಪ್ಪ ಅಮ್ಮಂದಿರಲ್ಲಿ, ಮಗು ಓದದಿದ್ದರೂ ಪರವಾಗಿಲ್ಲ ಎಂದವರು ಯಾರೂ ನೆನಪಿಗೆ ಬರುವುದಿಲ್ಲ. "ನಮ್ ಥರ ಆಗ್ಬಾರ್ದು ಮೇಡಂ" ಎಂಬ ಮಾತು ಮಾತ್ರ ಎಲ್ಲ ಲೈನ್‌ಗಳಲ್ಲೂ ಕೇಳಿದ್ದೇನೆ.

ಇನ್ನೊಂದು ಸಂಗತಿ ನೋಡಿ. ಈವರೆಗೆ ಶಾಲೆಯಿಂದ ಆ ಮನೆಗಳಿಗೆ ಯಾವ್ಯಾವ ಕಾರಣಕ್ಕೆ ಕರೆ ಹೋಗಿದೆ? ಆಧಾರ್ ಜೆರಾಕ್ಸ್ ಕೊಡಿ, ಪಾಸ್‌ಬುಕ್ ತನ್ನಿ, ಇಲ್ಲಿ ಹೆಬ್ಬೆಟ್ಟು ಒತ್ತಿ. ಇಲ್ಲವಾದರೆ ನಿಮ್ಮ ಹುಡುಗ ಗಲಾಟೆ ಮಾಡಿದ. ಇಷ್ಟೇ ತಾನೇ? ಶಾಲೆಯಿಂದ ಫೋನ್ ಬಂತು ಅಂದರೆ ಏನೋ ತೊಂದರೆ ಅಂತಲೇ ಅವರ ಲೆಕ್ಕ. ಓದು ಬಾರದ ಅಮ್ಮನಿಗೆ ಆಫೀಸ್ ರೂಮಿನ ಕುರ್ಚಿ ಮೇಲೆ ಕೂರುವುದೇ ಒಂದು ಹಿಂಸೆ. ಹಾಗಾಗಿ ನನ್ನ ಸಲಹೆ ಒಂದೇ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಕರೆಯುವುದಕ್ಕೆ ಮುಂಚೆ ನೀವು ಹೋಗಿ. ಹೋದಾಗ ಹೇಳಬೇಡಿ, ಕೇಳಿಕೊಂಡು ಬನ್ನಿ.

ಇದು ನಮ್ಮ ಶಿಕ್ಷಕರಿಗೆ ಹೊಸದೇನಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಅಂತ ಮಾಡಿದಿರಿ. ಜಗಲಿ, ದೇವಸ್ಥಾನದ ಅಂಗಳ, ಮರದ ಬುಡ, ಎಲ್ಲೆಂದರಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದಿರಿ. ಟೀಚರ್ ಹೇಗೆ ಪಾಠ ಮಾಡುತ್ತಾರೆ ಅಂತ ಎಷ್ಟೋ ತಂದೆ ತಾಯಂದಿರು ಕಣ್ಣಾರೆ ನೋಡಿದ್ದು ಆಗಲೇ. ಅದು ಕೆಲವೇ ತಿಂಗಳು ನಡೆಯಿತು. ಶಾಲೆ ತೆರೆದ ಮೇಲೆ ಆ ದಾರಿ ಬಿಟ್ಟುಹೋಯಿತು. ನನಗೆ ಅದೊಂದು ದೊಡ್ಡ ನಷ್ಟ ಅನಿಸುತ್ತದೆ.

ಲೈನ್ ಮನೆಗೆ ಹೋಗುವುದಕ್ಕೂ ಒಂದು ಕ್ರಮ ಇದೆ. ತೋಟ ಖಾಸಗಿ ಜಾಗ. ಗೇಟಿನ ಒಳಗೆ ಸುಮ್ನೆ ನುಗ್ಗುವ ಹಾಗಿಲ್ಲ. ಮೊದಲು ತೋಟದ ಮಾಲೀಕರನ್ನೋ ಕೆಲಸದ ಲೆಕ್ಕ ನೋಡುವ ರೈಟರನ್ನೋ ಕಂಡು, "ನಿಮ್ಮ ಲೈನಿನ ಮಕ್ಕಳ ಮನೆಗೆ ಹೋಗಿಬರಬೇಕು, ಯಾವ ದಿನ ಆದರೆ ಒಳ್ಳೆಯದು?" ಅಂತ ಕೇಳಿ. ಬೇಡ ಎನ್ನುವವರು ಕಡಿಮೆ. ಮಾಲೀಕರ ಜೊತೆ ಮಾತಿಗೆ ಇದೇ ಒಂದು ನೆಪವೂ ಆಗುತ್ತದೆ. ಇಬ್ಬರು ಶಿಕ್ಷಕರು ಜೊತೆಯಾಗಿ ಹೋಗಿ. ಕೆಲಸ ಬಿಟ್ಟು ಕೈಕಾಲು ತೊಳೆದುಕೊಳ್ಳುವ ಹೊತ್ತು ಸರಿಯಾದ ಹೊತ್ತು. ಕತ್ತಲಾಗುವ ಮುಂಚೆ ವಾಪಸ್ ಬಂದುಬಿಡಿ, ತೋಟಕ್ಕೆ ಕಾಡಾನೆ ಬರುವ ವಿಚಾರ ನಿಮಗೆ ಗೊತ್ತೇ ಇದೆ. ಸಂಜೆಯ ಬಸ್ಸು ಹೋದರೆ ಮತ್ತೆ ಹಾಸನಕ್ಕೆ ಬಸ್ಸಿಲ್ಲ ಎನ್ನುವ ಕಷ್ಟವೂ ನಿಮ್ಮಲ್ಲಿ ಇರಬಹುದು. ಅದಕ್ಕೇ ತಿಂಗಳಿಗೆ ಒಂದು ಸಂಜೆ, ಒಂದು ಲೈನ್ ಸಾಕು.

ರಿಜಿಸ್ಟರ್ ಹಿಡಿದುಕೊಂಡು ಹೋಗಬೇಡಿ. ಮೊದಲ ಭೇಟಿಯಲ್ಲಿ ಒಂದೇ ಒಂದು ದೂರು ಕೂಡ ಬೇಡ. ವರದಿಗೆ ಬೇಕು ಅಂತ ಫೋಟೋ ತೆಗೆಯಬೇಡಿ. ಯಾವ ಊರಿನಿಂದ ಬಂದಿರಿ, ಮುಂಚೆ ಏನು ಕೆಲಸ ಮಾಡುತ್ತಿದ್ದಿರಿ, ಮಗು ಮನೆಯಲ್ಲಿ ಏನೇನು ಮಾಡುತ್ತದೆ, ಯಾರ ಹತ್ತಿರ ಜಾಸ್ತಿ ಮಾತಾಡುತ್ತದೆ, ಶಾಲೆಯಿಂದ ನಿಮಗೆ ಏನಾಗಬೇಕು. ಇಂಥ ಮಾತು ಆಡಿ. ಕರಿಕಾಫಿ ಕೊಟ್ಟರೆ ಕುಡಿಯಿರಿ. ಬೇಡ ಅಂದರೆ ಅವರು ಅದಕ್ಕೆ ಬೇರೆಯೇ ಅರ್ಥ ಹಚ್ಚುತ್ತಾರೆ.

ಹೀಗೆ ಹೋಗುವುದರಿಂದ ಏನು ಸಿಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಆಲೂರು ಕಡೆಯ ಒಂದು ಶಾಲೆಯ ಶಿಕ್ಷಕಿಯ ಜೊತೆ ಒಮ್ಮೆ ಲೈನ್‌ಗೆ ಹೋಗಿದ್ದೆ. ನಾಲ್ಕನೇ ತರಗತಿಯ ಒಬ್ಬ ಹುಡುಗಿ, ಗಣಿತದಲ್ಲಿ ಹಿಂದೆ ಅಂತ ಹೆಸರು. ಅವರ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ನೇತು ಹಾಕಿದ್ದರು. ದಿನದ ಪ್ರತಿ ಚೌಕದಲ್ಲೂ ಪೆನ್ಸಿಲ್‌ನಲ್ಲಿ ಎರಡೆರಡು ಸಂಖ್ಯೆ. ಏನಿದು ಅಂತ ಕೇಳಿದೆವು. ಮೇಲಿನದು ಅಪ್ಪ ಕಿತ್ತ ಕೆ.ಜಿ., ಕೆಳಗಿನದು ಅಮ್ಮ ಕಿತ್ತ ಕೆ.ಜಿ. ಅಂದಳು. ಒಂದು ಭಾನುವಾರದ ಚೌಕದಲ್ಲಿ ಸಣ್ಣದೊಂದು ಗುಂಡು ಸುತ್ತು. ಅದು ಅಡ್ವಾನ್ಸ್ ತೆಗೆದುಕೊಂಡ ದಿನ. ಬಟವಾಡೆಯ ಹಿಂದಿನ ರಾತ್ರಿ ಎಲ್ಲ ಕೂಡಿಸಿ, ಅಡ್ವಾನ್ಸ್ ಕಳೆದು, ಇಷ್ಟು ಬರಬೇಕು ಅಂತ ಅಪ್ಪನಿಗೆ ಹೇಳುವವಳು ಇವಳೇ. ಶಾಲೆಯಲ್ಲಿ ಅವಳಿಗೆ ತೊಡಕಾಗಿದ್ದದ್ದು ಲೆಕ್ಕದ ಕನ್ನಡ. "ಉಳಿಕೆ", "ಒಟ್ಟು ಮೊತ್ತ" ಎಂಬ ಮಾತುಗಳು ಅವಳಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅವಳ ಮನೆಮಾತು ತಮಿಳು.

ಆ ಶಿಕ್ಷಕಿ ಮುಂದಿನ ವಾರ ಇಡೀ ತರಗತಿಗೆ ಕೊಯ್ಲಿನ ಲೆಕ್ಕವನ್ನೇ ಕೊಟ್ಟರು. ಒಂದು ಕೆ.ಜಿ. ಒಣ ಅರೇಬಿಕಾ ಬೀಜಕ್ಕೆ ಸುಮಾರು 5ರಿಂದ 6 ಕೆ.ಜಿ. ಹಸಿ ಹಣ್ಣು ಬೇಕು. ಹಾಗಾದರೆ 50 ಕೆ.ಜಿ.ಯ ಒಂದು ಮೂಟೆಗೆ ಎಷ್ಟು? ಲೈನಿನ ಮಕ್ಕಳ ಕೈ ಮೊದಲು ಮೇಲೆ ಹೋಯಿತು. ಊರಿನ ಮಕ್ಕಳು ಅವರ ಕಡೆ ತಿರುಗಿ ನೋಡಿದರು.

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಲೂಯಿಸ್ ಮೋಲ್ ಎಂಬ ಸಂಶೋಧಕ ಮತ್ತು ಅವರ ಸಂಗಡಿಗರು ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದರು. 1992ರಲ್ಲಿ ಅದರ ಬಗ್ಗೆ ಬರೆದರು. ಅಲ್ಲಿನ ಶಿಕ್ಷಕರು ಮೆಕ್ಸಿಕೋ ಮೂಲದ ದುಡಿಯುವ ಕುಟುಂಬಗಳ ಮನೆಗೆ ಪಾಠ ಹೇಳಲು ಹೋಗಲಿಲ್ಲ, ಕಲಿಯಲು ಹೋದರು. ಬೇಸಾಯ, ಗಣಿ ಕೆಲಸ, ಮನೆ ಕಟ್ಟುವುದು, ನಾಟಿ ಔಷಧ, ಹೀಗೆ ಪ್ರತಿ ಮನೆಯಲ್ಲೂ ಒಂದಲ್ಲ ಒಂದು ತಿಳಿವಳಿಕೆ ಸಿಕ್ಕಿತು. ಒಬ್ಬ ಹುಡುಗ ಮೆಕ್ಸಿಕೋದ ಮಿಠಾಯಿ ತಂದು ಮಾರುತ್ತಿದ್ದ. ಅವನ ಶಿಕ್ಷಕರು ಮಿಠಾಯಿಯನ್ನೇ ಇಟ್ಟುಕೊಂಡು ಪಾಠ ಕಟ್ಟಿದರು. ಒಬ್ಬ ತಾಯಿ ತರಗತಿಗೆ ಬಂದು ಮಿಠಾಯಿ ಮಾಡಿ ತೋರಿಸಿದರು. ಆ ದಿನ ಆ ತಾಯಿ ಅಲ್ಲಿಗೆ ಬಂದದ್ದು ಕಲಿಸುವವರಾಗಿ. ನಿಮ್ಮಲ್ಲೂ ಕಸಿ ಕಟ್ಟುವವರು, ಕಾಫಿ ಗಿಡದ ಮೇಲಿನ ನೆರಳು ಕಡಿಮೆ ಮಾಡಲು ಎತ್ತರದ ಮರ ಹತ್ತಿ ಕೊಂಬೆ ಕಡಿಯುವವರು, ಬುಟ್ಟಿ ಹೆಣೆಯುವವರು ಇದ್ದಾರೆ. ತಿಂಗಳಿಗೊಬ್ಬರನ್ನು ಒಂದು ಪಿರಿಯಡ್‌ಗೆ ಕರೆಸಿ. ಕೆಲಸದ ದಿನ ಆಗದಿದ್ದರೆ ಮಕ್ಕಳನ್ನೇ ಅವರಿರುವಲ್ಲಿಗೆ ಕರೆದುಕೊಂಡು ಹೋಗಿ.

ಭೇಟಿಗಳು ನಡೆದ ಮೇಲೆ ಸಭೆ. ಹಲವು ತೋಟಗಳಲ್ಲಿ ಸಂತೆಯ ದಿನವೇ ವಾರದ ರಜೆ. ಆ ದಿನ ಬೆಳಿಗ್ಗೆ ಬೇಗ, ಸಂತೆಗೆ ಹೊರಡುವ ಮುಂಚೆ, ಮುಕ್ಕಾಲು ಗಂಟೆ ಸಾಕು. ಅದೂ ಶಾಲೆಯಲ್ಲೇ ಆಗಬೇಕು ಅಂತೇನಿಲ್ಲ. ಲೈನಿನ ಹತ್ತಿರದ ಕಾಫಿ ಕಣದಲ್ಲಿ ಚಾಪೆ ಹಾಸಿ ಕೂತರೂ ಸಭೆಯೇ. ನೀವೂ ಕೆಳಗೇ ಕೂರಿ. ಮಕ್ಕಳ ಬರಹ, ಚಿತ್ರ ಎಲ್ಲ ತಂದು ಹಾಸಿಡಿ. ಪ್ರತಿ ಮಗುವಿನ ಬಗ್ಗೆಯೂ ಒಂದು ಒಳ್ಳೆಯ ಮಾತು, ಹೆಸರು ಹಿಡಿದು, ಎಲ್ಲರ ಎದುರು ಹೇಳಿ. ಕಷ್ಟದ ಮಾತು ಇದ್ದರೆ ಆಮೇಲೆ ಆ ಮನೆಯವರ ಹತ್ತಿರ ಮಾತ್ರ.

ಭಾಷೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಅಸ್ಸಾಂ ಕಡೆಯ ಮಕ್ಕಳು ಬೇಗ ಕನ್ನಡ ಕಲಿಯುತ್ತಾರೆ, ಅಪ್ಪ ಅಮ್ಮನಿಗೆ ಬರುವುದಿಲ್ಲ. ಆಗ ಮಗುವಿನ ಕೈಯಲ್ಲೇ ಹೇಳಿಸುತ್ತೇವೆ. ಊಟ, ರಜೆ ಇಂಥ ವಿಚಾರಕ್ಕೆ ಪರವಾಗಿಲ್ಲ. ಆದರೆ ಆ ಮಗುವಿನ ಮೇಲಿನ ದೂರನ್ನೇ ಆ ಮಗುವಿನಿಂದ ಹೇಳಿಸುವುದು ತಪ್ಪು. ಎರಡೂ ಭಾಷೆ ಬಲ್ಲ ಒಬ್ಬ ಹಳೇ ಕೆಲಸಗಾರರು ಪ್ರತಿ ಲೈನಿನಲ್ಲೂ ಇರುತ್ತಾರೆ, ಅವರನ್ನು ಜೊತೆ ಮಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಉದ್ದುದ್ದ ಬರೆಯುವ ಬದಲು ಅವರ ದನಿಯಲ್ಲೇ ವಾಯ್ಸ್ ಮೆಸೇಜ್ ಹಾಕಿಸಿ. ತೋಟದೊಳಗೆ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಒಂದು ದಿನ ಮುಂಚೆಯೇ ಹಾಕಿ. ಗೈರುಹಾಜರಾದ ಮಕ್ಕಳ ಪಟ್ಟಿಯನ್ನು ಗ್ರೂಪಿನಲ್ಲಿ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ.

ಈಗ ಎಸ್‌ಡಿಎಂಸಿ. ನಮ್ಮ ರಾಜ್ಯದಲ್ಲಿ ಈ ಸಮಿತಿಗಳು 2001ರಲ್ಲೇ ಬಂದವು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆ ತಾಯಿಯೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮತ್ತು ಬಡ ಕುಟುಂಬಗಳ ಪೋಷಕರಿಗೆ ಅವರ ಪಾಲಿನಷ್ಟು ಜಾಗ ಸಿಗಬೇಕು. ನಿಮ್ಮ ಶಾಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಲೈನಿನವರು. ಸಮಿತಿಯಲ್ಲಿ ಅವರು ಎಷ್ಟಿದ್ದಾರೆ? ಇದ್ದರೂ ಸಹಿಗೆ ಮಾತ್ರವೇ? ತಮ್ಮ ಮಾತಿನಿಂದ ಏನೂ ಬದಲಾಗುವುದಿಲ್ಲ ಅಂತ ಗೊತ್ತಿರುವ ಸಭೆಗೆ ಕೂಲಿ ಬಿಟ್ಟು ಯಾರು ಬರುತ್ತಾರೆ ಹೇಳಿ. ಸಣ್ಣದಾದರೂ ನಿಜವಾದ ಒಂದು ತೀರ್ಮಾನ ಅವರ ಕೈಗೆ ಕೊಡಿ. ಶಾಲಾ ವಾರ್ಷಿಕೋತ್ಸವ ಯಾವ ದಿನ ಅಂತ ಅವರೇ ಹೇಳಲಿ. ಬಿಸಿಯೂಟದ ತರಕಾರಿ ನೋಡಿಕೊಳ್ಳುವ ಪಾಳಿ ಅವರೇ ಹಾಕಿಕೊಳ್ಳಲಿ.

ಸಮಿತಿಯಲ್ಲಿ ಮಾತು ಹೇಗಿರಬೇಕು ಎಂಬುದಕ್ಕೆ ನನಗೆ ತುಂಬ ಹಿಡಿಸಿದ ನಿಯಮ ಒಂದಿದೆ. ಜೇಮ್ಸ್ ಕೋಮರ್ ಎಂಬ ಮನೋವೈದ್ಯರು 1968ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ಎರಡು ಶಾಲೆಗಳಲ್ಲಿ ಕೆಲಸ ಶುರು ಮಾಡಿದರು. ಬಡ ಕಪ್ಪು ಜನರ ಮಕ್ಕಳೇ ಹೆಚ್ಚಾಗಿದ್ದ ಶಾಲೆಗಳು. ಹಾಜರಾತಿ ಕಡಿಮೆ, ಕಲಿಕೆ ಹಿಂದೆ, ಶಿಕ್ಷಕರಿಗೂ ಪೋಷಕರಿಗೂ ಜಗಳ. ಕೋಮರ್ ಪೋಷಕರನ್ನೂ ಸೇರಿಸಿ ಒಂದು ತಂಡ ಕಟ್ಟಿದರು. ಅಲ್ಲಿ ತಪ್ಪು ಯಾರದು ಅಂತ ಹುಡುಕುವ ಹಾಗಿಲ್ಲ, ಏನು ಮಾಡೋಣ ಅಂತ ಮಾತ್ರ ಕೇಳಬೇಕು. ಇದನ್ನು ನಿಮ್ಮ ಸಭೆಯಲ್ಲಿ ಪ್ರಯೋಗ ಮಾಡಿ ನೋಡಿ.

ಡಿಸೆಂಬರ್‌ನಲ್ಲಿ ದೊಡ್ಡ ಹೆಣ್ಣುಮಕ್ಕಳ ಹಾಜರಾತಿ ಬೀಳುತ್ತದೆ ಅಂದುಕೊಳ್ಳಿ. "ಯಾಕೆ ಕಳಿಸಲ್ಲ?" ಅಂತ ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. "ಬರಬೇಕಾದರೆ ಏನು ಆಗಬೇಕು?" ಅಂತ ಕೇಳಿ. ಆಗ ಯಾರಾದರೂ ಒಬ್ಬ ತಾಯಿ ಹೇಳುತ್ತಾರೆ, ಒಂದೂವರೆ ವರ್ಷದ ಕೂಸನ್ನು ನೋಡಿಕೊಳ್ಳುವವರಿಲ್ಲ ಅಂತ. ಅಂಗನವಾಡಿಯಲ್ಲಿ ಸಾಮಾನ್ಯವಾಗಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಅದಕ್ಕಿಂತ ಚಿಕ್ಕವರನ್ನು ಅಕ್ಕನೇ ನೋಡಬೇಕು. ಹೀಗೆ ವಿಚಾರ ಹೊರಗೆ ಬಂದ ಮೇಲೆ ದಾರಿ ಇದೆ. ಪಂಚಾಯಿತಿಯಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ನಡೆಯುತ್ತಿದೆಯಾ ಅಂತ ವಿಚಾರಿಸಬಹುದು. ಕೆಲಸಕ್ಕೆ ಹೋಗಲಾಗದ ಒಬ್ಬ ಅಜ್ಜಿಗೆ ತೋಟದವರೇ ಕೂಲಿ ಕೊಟ್ಟು ಕೂಸುಗಳನ್ನು ನೋಡಿಕೊಳ್ಳಲು ಹೇಳಬಹುದು. ತೋಟದ ಕಾರ್ಮಿಕರ ಮಕ್ಕಳ ಪಾಲನೆ, ಓದು ಮಾಲೀಕರ ಜವಾಬ್ದಾರಿಯೂ ಹೌದು ಎಂಬ ಮಾತು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇದೆ.

ಇನ್ನು ಊರಿನವರು, ಪಕ್ಕದ ತೋಟದವರು. ಅವರ ಹತ್ತಿರ ಮೊದಲೇ ದುಡ್ಡು ಕೇಳಬೇಡಿ. ಬಣ್ಣಕ್ಕೆ, ಕಂಪ್ಯೂಟರ್‌ಗೆ ಅಂತ ಕೇಳಿದರೆ ಕೊಡುತ್ತಾರೆ, ಗೋಡೆಯ ಮೇಲೆ ಹೆಸರು ಬರುತ್ತದೆ, ಸಂಬಂಧ ಅಲ್ಲಿಗೆ ಮುಗಿಯಿತು. ಎಲ್ಲರಿಗೂ ಬೇಕಾದ ಒಂದು ಕೆಲಸದಿಂದ ಶುರು ಮಾಡಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಅಂಥ ಕೆಲಸ ಹುಡುಕಿಕೊಂಡು ಹೋಗಬೇಕಿಲ್ಲ. ಆನೆಗೆ ಮಾಲೀಕ, ಕೂಲಿ, ಮೇಷ್ಟ್ರು ಎಂಬ ವ್ಯತ್ಯಾಸ ಇಲ್ಲ. 2022ರಲ್ಲಿ ಸರ್ಕಾರ ಹಾಸನ, ಚಿಕ್ಕಮಗಳೂರು ಸೇರಿ ನಾಲ್ಕು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಮಾಡಿತು. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಸಂದೇಶವೂ ಮೊಬೈಲ್‌ಗೆ ಬರುತ್ತದೆ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ತೋಟದ ದಾರಿಯಲ್ಲಿ ನಡೆದು ಬರುವ ಆರು ವರ್ಷದ ಮಗುವಿನ ಕೈಯಲ್ಲಿ ಮೊಬೈಲ್ ಇರುವುದಿಲ್ಲ.

ಶಾಲೆಗೆ ಬರುವ ದಾರಿಗಳ ಒಂದು ನಕ್ಷೆ ಮಾಡಿಸಿ. ಮಕ್ಕಳೇ ಬರೆಯಲಿ. ಎಲ್ಲಿ ಪೊದೆ ಬೆಳೆದಿದೆ, ಎಲ್ಲಿ ತಿರುವಿನಲ್ಲಿ ಮುಂದೇನಿದೆ ಅಂತ ಕಾಣುವುದಿಲ್ಲ, ಎಲ್ಲಿ ಮಳೆಗಾಲದಲ್ಲಿ ಹಳ್ಳ ಉಕ್ಕುತ್ತದೆ, ಎಲ್ಲಿ ಆನೆ ದಾಟುತ್ತದೆ, ಮಕ್ಕಳಿಗೆ ಗೊತ್ತಿರುವಷ್ಟು ದೊಡ್ಡವರಿಗೆ ಗೊತ್ತಿಲ್ಲ. ಆ ನಕ್ಷೆ ಹಿಡಿದು ಪಕ್ಕದ ತೋಟದವರ ಮನೆಗೆ ಹೋಗಿ. ಅವರ ಬೇಲಿ ಪಕ್ಕದ ಪೊದೆ ಕಡಿಸಲು ಕೇಳಿ. ಆನೆ ಬಂದ ಸುದ್ದಿ ಅವರಿಗೆ ಬಂದ ಕೂಡಲೇ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ನಂಬರ್ ಕೊಟ್ಟು ಬನ್ನಿ. ಪ್ರತಿ ಲೈನಿನಿಂದ ಮಕ್ಕಳು ಗುಂಪಾಗಿ, ಒಬ್ಬರು ದೊಡ್ಡವರ ಜೊತೆ ಹೊರಡುವ ಹಾಗೆ ಪಾಳಿ ಮಾಡಿ. ಆ ಪಾಳಿಯ ಒಬ್ಬ ಕೆಲಸಗಾರರನ್ನು ಆ ದಿನ ತಡವಾಗಿ ಹಾಜರಿಗೆ ಬಿಡಬೇಕು ಅಂತ ಕೇಳುವುದು ಮಾಲೀಕರಿಗೆ ದೊಡ್ಡ ಹೊರೆಯಲ್ಲ. ತಮ್ಮ ತೋಟದೊಳಗೇ ಮಗುವಿಗೆ ಏನಾದರೂ ಆದರೆ ಎಂಬ ಭಯ ಅವರಿಗೂ ಇದೆ.

ಉಳಿದ ಬೇಡಿಕೆ ಮಕ್ಕಳ ಗ್ರಾಮ ಸಭೆಗೆ ಹೋಗಲಿ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ಅದನ್ನು ನಡೆಸಬೇಕು. ಬೀದಿ ದೀಪ ಎಲ್ಲಿ ಬೇಕು, ಹಳ್ಳಕ್ಕೆ ಸಂಕ ಎಲ್ಲಿ ಬೇಕು ಅಂತ ಮಕ್ಕಳೇ ನಕ್ಷೆ ತೋರಿಸಿ ಕೇಳಲಿ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಂಡು ಇಟ್ಟುಕೊಳ್ಳಿ, ಮುಂದಿನ ವರ್ಷ ಅದನ್ನೇ ಮುಂದಿಟ್ಟು ಕೇಳಬಹುದು.

ವ್ಯಾನ್ ಹತ್ತಿ ಹೋಗುವ ಮಕ್ಕಳ ಮನೆಯವರನ್ನೂ ಬಿಡಬೇಡಿ. ಅವರ ಅಪ್ಪ, ತಾತ ಓದಿದ್ದು ನಿಮ್ಮ ಶಾಲೆಯಲ್ಲೇ ಇರಬಹುದು. ನಮ್ಮ ಕಡೆ ಎಷ್ಟೋ ಸರ್ಕಾರಿ ಶಾಲೆಗಳ ಜಾಗ ಊರಿನವರು ಬಿಟ್ಟುಕೊಟ್ಟದ್ದು. ಇವತ್ತಿಗೂ ಓಟು ಹಾಕಲು, ಪೋಲಿಯೋ ಹನಿ ಹಾಕಿಸಲು ಊರೆಲ್ಲ ಬರುವುದು ಅಲ್ಲಿಗೇ. ಭಾನುವಾರ ಮೈದಾನದಲ್ಲಿ ಎರಡೂ ಕಡೆಯ ಮಕ್ಕಳು ಒಟ್ಟಿಗೆ ವಾಲಿಬಾಲ್ ಆಡಲಿ. ಸುಗ್ಗಿ ಕುಣಿತ ಬಲ್ಲ ಹಿರಿಯರು ಊರಿನಲ್ಲಿದ್ದರೆ ಪ್ರತಿಭಾ ಕಾರಂಜಿಗೆ ಮಕ್ಕಳಿಗೆ ಹೇಳಿಕೊಡಲು ಕರೆಯಿರಿ. ಕರೆದರೆ ಅವರಿಗೆ ತುಂಬ ಖುಷಿ, ಈಚೆಗೆ ಅವರನ್ನು ಯಾರೂ ಕೇಳುವುದಿಲ್ಲ. ಆ ಸೀಬೆಮರದ ವಿಚಾರಕ್ಕೆ ಹುಡುಗರನ್ನೇ ಕರೆದುಕೊಂಡು ಹೋಗಿ. ಕಿತ್ತದ್ದು ತಪ್ಪಾಯಿತು ಅಂತ ಅವರೇ ಹೇಳಲಿ. ಆ ಮರದಿಂದ ಒಂದು ಕಸಿ ಗಿಡ ಮಾಡಿ ಶಾಲೆಯ ಅಂಗಳದಲ್ಲಿ ನೆಡಲು ಹೇಳಿಕೊಡುತ್ತೀರಾ ಅಂತ ನೀವು ಕೇಳಿ.

ಒಂದು ವಿಚಾರದಲ್ಲಿ ಮಾತ್ರ ಯಾರ ಜೊತೆಗೂ ರಾಜಿ ಬೇಡ. ಊರು ಮತ್ತು ಲೈನ್ ಒಂದೇ ಅಂಗಳಕ್ಕೆ ಬಂದಾಗ ಜಾತಿ ತಲೆ ಎತ್ತುತ್ತದೆ. ಅಡುಗೆಯವರು ಯಾರು, ಯಾರ ಪಕ್ಕ ಯಾರು ಕೂರಬೇಕು ಎಂಬ ಪಿಸುಮಾತು ಶುರುವಾಗುತ್ತದೆ. ಊರಿನವರು ಬೇಸರ ಮಾಡಿಕೊಂಡಾರು, ಈಗಷ್ಟೇ ಹತ್ತಿರ ಬಂದಿದ್ದಾರೆ ಅಂತ ಸುಮ್ಮನಿರಬೇಡಿ. ಒಂದೇ ಪಂಕ್ತಿ, ಒಂದೇ ಊಟ, ಒಂದೇ ಕೊಡದ ನೀರು. ನೀವೂ ಆ ಪಂಕ್ತಿಯಲ್ಲೇ ಕೂತು ಉಣ್ಣಿ. ಕೆಲವರು ದೂರ ಸರಿದರೆ ಸರಿಯಲಿ.

ಮೂವರೇ ಶಿಕ್ಷಕರು, ಮೇಲಿನಿಂದ ದಿನಕ್ಕೊಂದು ಮಾಹಿತಿ ಕೇಳುತ್ತಾರೆ, ಇಷ್ಟೆಲ್ಲ ಹೇಗೆ ಅಂತ ನಿಮಗೆ ಅನಿಸುತ್ತಿರಬಹುದು. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ವರ್ಷ ಲೈನ್ ಭೇಟಿ ಮತ್ತು ದಾರಿಯ ಕೆಲಸ, ಅಷ್ಟೇ. ಪೋಷಕರ ಜೊತೆ ಕಾಲಕಾಲಕ್ಕೆ ಮಾತಾಡಿ ಮಗುವಿನ ಹಾಜರಾತಿ, ಕಲಿಕೆ ತಿಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ. ಹಾಗಾಗಿ ಭೇಟಿಯ ಸಂಜೆಯನ್ನು ಕೆಲಸವೆಂದೇ ದಾಖಲೆ ಮಾಡಿ, ಸಿಆರ್‌ಪಿಗೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ತಿಳಿಸಿ. ಅವರೂ ಒಮ್ಮೆ ಜೊತೆಗೆ ಬರಲಿ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತು. ಕೊಯ್ಲು ಮುಗಿದ ಮೇಲೆ ಕೆಲವು ಮನೆಗಳು ಗಂಟು ಮೂಟೆ ಕಟ್ಟುತ್ತವೆ. ಬೇರೆ ತೋಟಕ್ಕೋ ತಮ್ಮ ಊರಿಗೋ ಹೋಗುತ್ತವೆ. ಮಗು ಮತ್ತೆ ಶಾಲೆಯಿಂದ ತಪ್ಪಿಹೋಗುವುದು ಆಗಲೇ. ಫೆಬ್ರವರಿಯ ಭೇಟಿಯಲ್ಲಿಯೇ ಯಾರು ಹೋಗುತ್ತಾರೆ, ಎಲ್ಲಿಗೆ ಅಂತ ಕೇಳಿಟ್ಟುಕೊಳ್ಳಿ. ಒಂದು ಗಟ್ಟಿ ಕಾರ್ಡಿನ ಮೇಲೆ ಮಗುವಿನ ಹೆಸರು, ತರಗತಿ, ಇಲಾಖೆಯ ದಾಖಲೆಯಲ್ಲಿ ಮಗುವನ್ನು ಗುರುತಿಸುವ ಸ್ಯಾಟ್ಸ್ ಸಂಖ್ಯೆ, ನಿಮ್ಮ ಶಾಲೆಯ ಫೋನ್ ನಂಬರ್ ಬರೆದು ತಾಯಿಯ ಕೈಗೆ ಕೊಡಿ. ಟಿಸಿಯನ್ನು ಕೇಳಿದ ದಿನವೇ ಬರೆದುಕೊಡಿ. ಟಿಸಿ ತರಲು ತಡವಾಯಿತು ಅಂತ ಹೊಸ ಶಾಲೆಯವರು ಮಗುವನ್ನು ಸೇರಿಸದೆ ಇರುವ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಹಾಗೆ ಬರೆದಿದೆ. ಅದನ್ನೂ ಆ ತಾಯಿಗೆ ಬಿಡಿಸಿ ಹೇಳಿ. ಆಮೇಲೆ ಜೂನ್‌ನಲ್ಲಿ ಒಂದು ಫೋನ್ ಮಾಡಿ, ಮಗು ಅಲ್ಲಿ ಸೇರಿತಾ ಅಂತ ಕೇಳಿ. ಸೇರಿಲ್ಲ ಅಂದರೆ ಆ ಊರಿನ ಶಾಲೆಯ ಮುಖ್ಯ ಶಿಕ್ಷಕರಿಗೆ ನೀವೇ ಫೋನ್ ಹಚ್ಚಿ ಮಾತಾಡಿ.